ಅಕ್ಕನ ನೋಟ್‌ಬುಕ್ಕಿನಲ್ಲಿ ‘ತೊಡೆ ಇಂಜೆಕ್ಷನ್’

ಅಕ್ಕನ ಮಗನಿಗೆ ಆರು ವರ್ಷ ತುಂಬಿದ ತಿಂಗಳಲ್ಲೇ ರಕ್ತ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚೀಟಿಯಲ್ಲಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ ಎಂದು ಬರೆದಿತ್ತು. ಚಿಕಿತ್ಸೆ ಶುರುವಾದ ಮೊದಲ ವಾರವೇ ಅಕ್ಕ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡು, ದಿನಾಂಕ, ಜ್ವರ, ರಕ್ತಪರೀಕ್ಷೆಯ ಅಂಕಿ, ಕೊಟ್ಟ ಔಷಧ ಎಂದು ನಾಲ್ಕು ಗೆರೆ ಎಳೆದು ಬರೆಯತೊಡಗಿದಳು. ಔಷಧಗಳ ಇಂಗ್ಲಿಷ್ ಹೆಸರುಗಳು ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ವಾರ್ಡಿನ ಉಳಿದ ತಾಯಂದಿರ ಹಾಗೆಯೇ ತನ್ನದೇ ಹೆಸರುಗಳನ್ನು ಇಟ್ಟುಕೊಂಡಿದ್ದಳು. ಡೌನೊರುಬಿಸಿನ್ ‘ಕೆಂಪು ಔಷಧ’ವಾಯಿತು, ಬೆನ್ನುಹುರಿಯ ದ್ರವಕ್ಕೆ ಕೊಡುವುದು ‘ಬೆನ್ನಿನ ಇಂಜೆಕ್ಷನ್’ ಆಯಿತು, ಎಲ್-ಆಸ್ಪರಾಜಿನೇಸ್ ‘ತೊಡೆ ಇಂಜೆಕ್ಷನ್’ ಆಯಿತು. ನಾನು ಪದವಿ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುವವಳು. ಕಿಣ್ವಗಳನ್ನು ಔಷಧವಾಗಿ ಬಳಸುವುದಕ್ಕೆ ಉದಾಹರಣೆ ಕೊಡಬೇಕಾದಾಗಲೆಲ್ಲ ಈ ಆಸ್ಪರಾಜಿನೇಸಿನ ಹೆಸರನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೇನೆ. ಆ ಒಂದು ವಾಕ್ಯದೊಳಗೆ ಎಷ್ಟು ಸಂಗತಿಗಳಿವೆ ಎಂಬುದನ್ನು ತಿಳಿಯಲು ಆಸ್ಪತ್ರೆಯ ಡೇ ಕೇರ್ ಕೊಠಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಿಂಗಳುಗಟ್ಟಲೆ ಕೂರಬೇಕಾಯಿತು.

ಮೊದಲ ಬಾರಿ ಅದನ್ನು ಹತ್ತಿರದಿಂದ ಕಂಡದ್ದು ನನಗೆ ಚೆನ್ನಾಗಿ ನೆನಪಿದೆ. ಫ್ರಿಜ್ಜಿನಿಂದ ತೆಗೆದು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ತಂದ ಹೆಬ್ಬೆರಳು ಗಾತ್ರದ ಗಾಜಿನ ಸೀಸೆ, ಅದರ ತಳದಲ್ಲಿ ಒಣಗಿದ ಸುಣ್ಣದ ಬಿಲ್ಲೆಯಂತೆ ಕೂತಿದ್ದ ಬಿಳಿಯ ಪುಡಿ. ಸಿಸ್ಟರ್ ಸಿರಿಂಜಿನ ನೀರನ್ನು ಪುಡಿಯ ಮೇಲೆ ನೇರವಾಗಿ ಸುರಿಯದೆ ಗಾಜಿನ ಗೋಡೆಗೆ ತಾಗಿಸಿ ನಿಧಾನವಾಗಿ ಇಳಿಸಿದರು. ಆಮೇಲೆ ಸೀಸೆಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಹೂಬತ್ತಿ ಹೊಸೆಯುವವರ ಹಾಗೆ ಮೆಲ್ಲಗೆ ಹೊರಳಿಸಿದರು. ಪಕ್ಕದಲ್ಲಿದ್ದ ತರಬೇತಿಯ ಹುಡುಗಿಗೆ, “ಕುಲುಕಬಾರದಮ್ಮ, ನೊರೆ ಬಂದರೆ ಔಷಧ ಹಾಳಾಗುತ್ತದೆ” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಸೀಸೆಯಲ್ಲಿದ್ದದ್ದು ಸಣ್ಣ ರಾಸಾಯನಿಕ ಅಣುವಲ್ಲ, ನಾಲ್ಕು ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ನಿಂತ ಒಂದು ಪ್ರೋಟೀನು. ನೊರೆಯ ಗುಳ್ಳೆಗಳ ಮೇಲ್ಮೈಗೆ ಸಿಕ್ಕಿದರೆ ಅದರ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಮಡಿಕೆ ಬಿಚ್ಚಿದ ಕಿಣ್ವ ಕೆಲಸಕ್ಕೆ ಬಾರದು.

ಅದು ಮಾಡುವ ಕೆಲಸವನ್ನು ಹೇಳುವುದು ಸುಲಭ. ನಮ್ಮ ಪ್ರೋಟೀನುಗಳನ್ನು ಕಟ್ಟುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಆಸ್ಪರಾಜಿನ್ ಒಂದು. ಆಸ್ಪರಾಜಿನೇಸ್ ಕಿಣ್ವವು ಈ ಆಸ್ಪರಾಜಿನನ್ನು ಸೀಳಿ ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಎಂದು ಎರಡು ಮಾಡುತ್ತದೆ. ಆರೋಗ್ಯವಂತರ ರಕ್ತದಲ್ಲಿ ಆಸ್ಪರಾಜಿನ್ ಲೀಟರಿಗೆ ಸುಮಾರು 50 ಮೈಕ್ರೋಮೋಲ್‌ನಷ್ಟು ಇರುತ್ತದೆ. ಕಿಣ್ವವು ಸಾಕಷ್ಟು ಪ್ರಮಾಣದಲ್ಲಿ ಹರಿದಾಡುತ್ತಿರುವಷ್ಟು ಕಾಲ ಅದು ಅಳತೆಗೆ ಸಿಗದ ಮಟ್ಟಕ್ಕೆ ಇಳಿದುಬಿಡುತ್ತದೆ. ನಮ್ಮ ಸಾಮಾನ್ಯ ಜೀವಕೋಶಗಳಿಗೆ ಇದರಿಂದ ಅಷ್ಟಾಗಿ ತೊಂದರೆಯಿಲ್ಲ, ಏಕೆಂದರೆ ಅವುಗಳಲ್ಲಿ ಆಸ್ಪರಾಜಿನ್ ಸಿಂಥೆಟೇಸ್ ಎಂಬ ಇನ್ನೊಂದು ಕಿಣ್ವವಿದ್ದು, ಬೇಕಾದ ಆಸ್ಪರಾಜಿನನ್ನು ತಾವೇ ತಯಾರಿಸಿಕೊಳ್ಳುತ್ತವೆ. ಈ ಕಾಯಿಲೆಯ ಲಿಂಫೋಬ್ಲಾಸ್ಟ್ ಕೋಶಗಳಲ್ಲಿ ಆ ಶಕ್ತಿ ತೀರ ಕಡಿಮೆ, ಅವು ರಕ್ತದಲ್ಲಿ ಬಂದದ್ದನ್ನೇ ನೆಚ್ಚಿಕೊಂಡು ಬದುಕುತ್ತವೆ. ಅಕ್ಕನಿಗೆ ನಾನು ಹೇಳಿದ್ದು ಹೀಗೆ: ಊರಿನ ಹೋಟೆಲುಗಳೆಲ್ಲ ಒಂದು ವಾರ ಬಾಗಿಲು ಹಾಕಿದರೆ ಮನೆಯಲ್ಲಿ ಒಲೆಯಿರುವವರು ಉಣ್ಣುತ್ತಾರೆ, ಹೋಟೆಲಿನ ಊಟವನ್ನೇ ನಂಬಿದವರು ಉಪವಾಸ ಬೀಳುತ್ತಾರೆ. ಪ್ರೋಟೀನು ಕಟ್ಟುವ ಕೆಲಸ ನಿಂತುಹೋದ ಆ ಕೋಶಗಳು ವಿಭಜನೆಯಾಗುವುದನ್ನು ಬಿಟ್ಟು, ತಮ್ಮೊಳಗೇ ಬರೆದಿಟ್ಟ ಕ್ರಮದಂತೆ ಸಾಯುತ್ತವೆ.

ಈ ಔಷಧದ ಬಗ್ಗೆ ನನಗೆ ಅತ್ಯಂತ ವಿಶೇಷವೆನಿಸುವುದು ಅದು ಕ್ಯಾನ್ಸರ್ ಕೋಶದ ಒಳಗೆ ಹೋಗುವುದೇ ಇಲ್ಲ ಎಂಬುದು. ಕೀಮೋಥೆರಪಿಯ ಬಹುಪಾಲು ಔಷಧಗಳು ಕೋಶದೊಳಗೆ ನುಗ್ಗಿ ಡಿಎನ್‌ಎಯನ್ನೋ ವಿಭಜನೆಯ ಎಳೆಗಳನ್ನೋ ಕೆಡಿಸುತ್ತವೆ. ಹಾಗಾಗಿಯೇ ಕೂದಲಿನ ಬೇರು, ಬಾಯಿಯ ಒಳಪದರ ಮತ್ತು ಕರುಳಿನ ಕೋಶಗಳೂ ಅವುಗಳ ಏಟಿಗೆ ಸಿಗುತ್ತವೆ. ಆಸ್ಪರಾಜಿನೇಸ್ ರಕ್ತದಲ್ಲೇ ನಿಂತು ರಕ್ತದಲ್ಲಿನ ಒಂದು ವಸ್ತುವನ್ನು ಇಲ್ಲವಾಗಿಸುತ್ತದೆ, ಅಷ್ಟೇ. ಅದರ ಜೊತೆಗೆ ವಿನ್‌ಕ್ರಿಸ್ಟಿನ್ ಮತ್ತು ಸ್ಟಿರಾಯ್ಡ್ ಮೊದಲಾದವನ್ನು ಕೊಡಲೇಬೇಕು, ಒಂದರಿಂದಲೇ ಕಾಯಿಲೆ ವಾಸಿಯಾಗದು.

ಇದನ್ನು ಕೇಳಿದ ಮೇಲೆ ಮನೆಯಲ್ಲಿ ಒಂದು ಹೊಸ ಚಿಂತೆ ಶುರುವಾಯಿತು. ಹಸಿವಿನಿಂದಲೇ ಆ ಕೋಶಗಳು ಸಾಯುವುದಾದರೆ ಮಗುವಿಗೆ ನಾವೇಕೆ ಆ ಪದಾರ್ಥವಿರುವ ಊಟ ಕೊಡಬೇಕು ಎಂದು ಅಮ್ಮನಿಗೆ ಅನಿಸಿ, ನನಗೂ ಅಕ್ಕನಿಗೂ ಹೇಳದೆ ತೊಗರಿಬೇಳೆಯ ಸಾರು ಮಾಡುವುದನ್ನೇ ಎರಡು ದಿನ ನಿಲ್ಲಿಸಿದ್ದರು. ಅವರ ಯೋಚನೆಯಲ್ಲಿ ತರ್ಕವಿತ್ತು, ಆದರೆ ದೇಹದ ಲೆಕ್ಕ ಬೇರೆ. ಆಸ್ಪರಾಜಿನ್ ಊಟದಿಂದಲೇ ಬರಬೇಕಾದ ಅಮೈನೋ ಆಮ್ಲವಲ್ಲ. ಒಂದು ಹೊತ್ತಿನ ಬೇಳೆ ಬಿಟ್ಟರೂ ಯಕೃತ್ತು ಮತ್ತು ಉಳಿದ ಅಂಗಗಳು ಅದನ್ನು ಮಾಡಿ ರಕ್ತಕ್ಕೆ ಬಿಡುತ್ತಲೇ ಇರುತ್ತವೆ, ಮತ್ತು ಬಂದದ್ದನ್ನೆಲ್ಲ ಹಗಲೂ ರಾತ್ರಿ ಸೀಳುತ್ತಿರುವುದೇ ಆ ಕಿಣ್ವದ ಕೆಲಸ. ಬೇಳೆ ಬಿಟ್ಟರೆ ಸೊರಗುವುದು ಮಗುವೇ ಹೊರತು ಕಾಯಿಲೆಯಲ್ಲ. ಇನ್ನೊಬ್ಬ ಹಿರಿಯ ಬಂಧುಗಳು ಶತಾವರಿಯ ಲೇಹ್ಯ ತಂದುಕೊಟ್ಟರು. ವೈದ್ಯರು ಹೊರಗಿನ ಯಾವ ಬೇರು ನಾರನ್ನೂ ಕೊಡಬೇಡಿ ಎಂದಿದ್ದರಿಂದ ಅದನ್ನು ಗೌರವದಿಂದ ತೆಗೆದಿಟ್ಟೆವು. ಆ ಡಬ್ಬಿಯನ್ನು ನೋಡಿದಾಗ ಮಾತ್ರ ನನಗೆ ಒಂದು ಸಂಗತಿ ಹೊಳೆಯಿತು. 1806ರಲ್ಲಿ ಫ್ರಾನ್ಸಿನ ಲೂಯಿ ನಿಕೊಲಾ ವೊಕ್ಲಾಂ ಮತ್ತು ಪಿಯರ್ ಜಾಂ ರೊಬಿಕೆ ಎಂಬ ರಸಾಯನಶಾಸ್ತ್ರಜ್ಞರು ಆಸ್ಪರಾಗಸ್ ಗಿಡದ ರಸದಿಂದ ಬೇರ್ಪಡಿಸಿದ ಹರಳೇ ಆಸ್ಪರಾಜಿನ್, ಮನುಷ್ಯ ಶುದ್ಧವಾಗಿ ಬೇರ್ಪಡಿಸಿದ ಮೊದಲ ಅಮೈನೋ ಆಮ್ಲ ಅದೇ. ನಮ್ಮ ಕಡೆ ‘ಹಲವು ಮಕ್ಕಳ ತಾಯಿ ಬೇರು’ ಎಂದು ಕರೆಯುವ ಶತಾವರಿ ಅದೇ ಆಸ್ಪರಾಗಸ್ ಕುಲದ ಬಳ್ಳಿ.

ಆಸ್ಪರಾಜಿನ್ ಸಿಕ್ಕಿ ಒಂದೂವರೆ ಶತಮಾನವಾದ ಮೇಲೆ ಅದಕ್ಕೂ ಕ್ಯಾನ್ಸರಿಗೂ ಇರುವ ನಂಟು ತಿಳಿಯಿತು, ಅದೂ ಬೇರೇನನ್ನೋ ಹುಡುಕುವಾಗ. 1953ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜಾನ್ ಕಿಡ್ ಅವರು, ಇಲಿಗಳಿಗೆ ನಾಟಿ ಮಾಡಿದ ಲಿಂಫೋಮಾ ಗೆಡ್ಡೆಗಳು ಗಿನಿಪಿಗ್‌ನ ರಕ್ತಸಾರ ಚುಚ್ಚಿದಾಗ ಕರಗಿಹೋಗುವುದನ್ನು ವರದಿ ಮಾಡಿದರು. ಕುದುರೆಯ ರಕ್ತಸಾರಕ್ಕೆ ಆ ಗುಣವಿರಲಿಲ್ಲ, ಮೊಲದ ರಕ್ತಸಾರಕ್ಕೂ ಇರಲಿಲ್ಲ. ಗಿನಿಪಿಗ್‌ನಲ್ಲಿ ಮಾತ್ರ ಏನಿದೆ ಎಂಬ ಪ್ರಶ್ನೆಗೆ ಎಂಟು ವರ್ಷ ಉತ್ತರ ಸಿಗಲಿಲ್ಲ. ಆ ಉತ್ತರದ ಒಂದು ತುಂಡು 1922ರಷ್ಟು ಹಿಂದೆಯೇ ಅಚ್ಚಾಗಿ ಗ್ರಂಥಾಲಯದಲ್ಲಿ ಕೂತಿತ್ತು: ಗಿನಿಪಿಗ್‌ನ ರಕ್ತದಲ್ಲಿ ಆಸ್ಪರಾಜಿನನ್ನು ಸೀಳುವ ಕಿಣ್ವವಿದೆ ಎಂದು ಕ್ಲೆಮೆಂಟಿ ಎಂಬ ಸಂಶೋಧಕರು ಬರೆದಿದ್ದರು, ಅವರಿಗೆ ಕ್ಯಾನ್ಸರಿನ ಯೋಚನೆಯೇ ಇರಲಿಲ್ಲ. ಎರಡನೆಯ ತುಂಡು 1956ರಲ್ಲಿ ಬಂತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಒಂದು ಬಗೆಯ ಕ್ಯಾನ್ಸರ್ ಕೋಶಗಳಿಗೆ ಆಸ್ಪರಾಜಿನ್ ಹಾಕದಿದ್ದರೆ ಅವು ಬದುಕುವುದಿಲ್ಲ ಎಂದು ನ್ಯೂಮನ್ ಮತ್ತು ಮೆಕಾಯ್ ತೋರಿಸಿದರು. 1961ರಲ್ಲಿ ಜಾನ್ ಬ್ರೂಮ್ ಅವರು, ಕಿಡ್ ಕಂಡ ಪರಿಣಾಮಕ್ಕೆ ಕಾರಣ ಆಸ್ಪರಾಜಿನೇಸ್ ಎಂಬುದಕ್ಕೆ ಸಾಕ್ಷ್ಯ ಒದಗಿಸಿದರು. ಆಸ್ಪರಾಜಿನ್ ಇಲ್ಲದೆಯೇ ಬೆಳೆಯಲು ಕಲಿತ ಗೆಡ್ಡೆಯ ಕೋಶಗಳ ಮೇಲೆ ಗಿನಿಪಿಗ್‌ನ ರಕ್ತಸಾರ ಕೆಲಸ ಮಾಡುವುದಿಲ್ಲ ಎಂಬ ಅವರ ಅವಲೋಕನವನ್ನು ನಾನು ಈಗ ಪ್ರತಿ ವರ್ಷವೂ ತರಗತಿಯಲ್ಲಿ ನಿಧಾನವಾಗಿ ಹೇಳುತ್ತೇನೆ. ಹೀಗೆಯೇ ಕಾರಣವೆಂದು ಊಹಿಸಿದ್ದನ್ನು ಕಾರಣವೆಂದು ಸಾಧಿಸಬೇಕಾದದ್ದು.

ಗಿನಿಪಿಗ್ ಚಿಕ್ಕ ಪ್ರಾಣಿ. ಒಂದು ಮಗುವಿನ ಚಿಕಿತ್ಸೆಗೆ ಬೇಕಾಗುವ ಕಿಣ್ವವನ್ನು ಅದರ ರಕ್ತದಿಂದ ಒಟ್ಟುಮಾಡುವುದು ಆಗುವ ಮಾತಲ್ಲ. ಆದರೂ 1966ರಲ್ಲಿ ಎಂಟು ವರ್ಷದ ಒಬ್ಬ ಹುಡುಗನಿಗೆ ಗಿನಿಪಿಗ್‌ನಿಂದ ಪಡೆದ ಕಿಣ್ವವನ್ನೇ ಕೊಟ್ಟ ದಾಖಲೆ ವೈದ್ಯಕೀಯ ಪತ್ರಿಕೆಯಲ್ಲಿದೆ. ಅಷ್ಟು ಹೊತ್ತಿಗೆ ದಾರಿ ತೆರೆದಿತ್ತು: 1964ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಮ್ಯಾಶ್‌ಬರ್ನ್ ಮತ್ತು ರಿಸ್ಟನ್ ಅವರು, ನಮ್ಮೆಲ್ಲರ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಆಸ್ಪರಾಜಿನೇಸಿಗೂ ಗೆಡ್ಡೆ ಕರಗಿಸುವ ಗುಣವಿದೆಯೆಂದು ತೋರಿಸಿದ್ದರು. ಬ್ಯಾಕ್ಟೀರಿಯಾವನ್ನು ದೊಡ್ಡ ತೊಟ್ಟಿಗಳಲ್ಲಿ ಎಷ್ಟು ಬೇಕೋ ಅಷ್ಟು ಬೆಳೆಸಬಹುದು. 1967ರ ಹೊತ್ತಿಗೆ ರೋಗಿಗಳಲ್ಲಿ ಅದರ ಫಲಿತಾಂಶಗಳು ಪ್ರಕಟವಾದವು, 1978ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಅದಿದೆ.

ಬ್ಯಾಕ್ಟೀರಿಯಾದಿಂದ ಬಂದದ್ದು ಎಂಬುದೇ ಅದರ ದೊಡ್ಡ ತೊಡಕು ಕೂಡ. ನಮ್ಮ ದೇಹಕ್ಕೆ ಅದು ಹೊರಗಿನ ಪ್ರೋಟೀನು. ಮೊದಲ ತಿಂಗಳಿನ ಚಿಕಿತ್ಸೆಯಲ್ಲಿ ನಮ್ಮ ಹುಡುಗನಿಗೆ ಅದರಿಂದ ಏನೂ ಆಗಲಿಲ್ಲ. ತೊಡೆ ಬದಲಿಸಿ ಬದಲಿಸಿ ಚುಚ್ಚಿದರು, ಪ್ರತಿ ಬಾರಿ ಒಂದು ಗಂಟೆ ಕೂರಿಸಿಕೊಂಡು ಕಳಿಸಿದರು. ಕೆಲವು ತಿಂಗಳ ಬಿಡುವಿನ ನಂತರ, ಚಿಕಿತ್ಸೆಯನ್ನು ಮತ್ತೆ ಬಿಗಿಗೊಳಿಸುವ ಹಂತದಲ್ಲಿ, ಎರಡನೆಯ ಇಂಜೆಕ್ಷನ್ ಆಗಿ ಹತ್ತು ನಿಮಿಷವೂ ಕಳೆದಿರಲಿಲ್ಲ. ಅವನು ನನ್ನ ಫೋನಿನಲ್ಲಿ ಆಟವಾಡುತ್ತಿದ್ದವನು “ಚಿಕ್ಕಿ, ಕಿವಿ ತುರಿಸ್ತಾ ಇದೆ” ಎಂದ. ನೋಡಿದರೆ ಕಿವಿಯ ಹಿಂದಿನಿಂದ ಕೊರಳವರೆಗೆ ಕೆಂಪು ದದ್ದುಗಳು ಎದ್ದಿದ್ದವು, ಮರುಕ್ಷಣ ಕೆಮ್ಮು ಶುರುವಾಯಿತು. ಸಿಸ್ಟರ್ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜು ಇತ್ತು. ಒಂದು ಗಂಟೆ ಕೂರಿಸುವುದು ಯಾಕೆಂದು ಅಲ್ಲಿಯವರೆಗೆ ಬೇಸರಿಸಿಕೊಳ್ಳುತ್ತಿದ್ದ ನಾವು ಆಮೇಲೆ ಎಂದೂ ಗಡಿಯಾರ ನೋಡಿ ಗೊಣಗಲಿಲ್ಲ. ಮೊದಲ ಸುತ್ತಿನಲ್ಲಿ ಪರಿಚಯವಾದ ಹೊರಗಿನ ಪ್ರೋಟೀನಿಗೆ ಬಿಡುವಿನ ಕಾಲದಲ್ಲಿ ದೇಹ ಪ್ರತಿಕಾಯಗಳನ್ನು ಸಿದ್ಧಮಾಡಿ ಇಟ್ಟುಕೊಂಡಿರುತ್ತದೆ, ಹಾಗಾಗಿ ಬಿಡುವಿನ ನಂತರದ ಇಂಜೆಕ್ಷನ್‌ಗಳಲ್ಲೇ ಇಂಥದ್ದು ಹೆಚ್ಚು.

ಸಂಜೆ ಅಕ್ಕ ವೈದ್ಯರನ್ನು ಕೇಳಿದಳು: “ಸರ್, ಕ್ಯಾನ್ಸರ್ ಕೋಶ ಹೋಗಿದೆ ಅಂತ ರಿಪೋರ್ಟ್ ಬಂದಿದೆಯಲ್ಲ, ಈ ಇಂಜೆಕ್ಷನ್ ಇಷ್ಟಕ್ಕೇ ಬಿಟ್ಟರೆ ಆಗದೇ?” ಅವರು ಕುರ್ಚಿ ಎಳೆದುಕೊಂಡು ಕೂತು, “ಅರ್ಧಕ್ಕೆ ಬಿಟ್ಟ ಮಕ್ಕಳಲ್ಲಿ ಕಾಯಿಲೆ ಮರಳುವುದು ಹೆಚ್ಚು, ಅಮ್ಮಾ. ಬೇರೆ ಮೂಲದ ಔಷಧ ಇದೆ, ತರಿಸೋಣ” ಎಂದರು. ಅವರು ಹೇಳಿದ್ದಕ್ಕೆ ಆಧಾರವಿದೆ. ಅಮೆರಿಕದ ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯ ನೇತೃತ್ವದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 30 ವಾರಗಳ ಆಸ್ಪರಾಜಿನೇಸ್ ಯೋಜನೆಯಿತ್ತು. 26 ವಾರ ಅಥವಾ ಅದಕ್ಕೂ ಹೆಚ್ಚು ಪಡೆದ ಮಕ್ಕಳಲ್ಲಿ ಐದು ವರ್ಷ ಕಾಯಿಲೆ ಮರಳದೆ ಉಳಿದವರು ಶೇ. 90, ಅಡ್ಡಪರಿಣಾಮಗಳಿಂದಾಗಿ 25 ವಾರ ಅಥವಾ ಅದಕ್ಕಿಂತ ಕಡಿಮೆ ಪಡೆದವರಲ್ಲಿ ಶೇ. 73.

ಬೇರೆ ಮೂಲ ಎಂದರೆ ಎರ್ವಿನಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಸಸ್ಯರೋಗ ಓದಿದವರಿಗೆ ಅದರ ಪರಿಚಯವಿರುತ್ತದೆ, ಗೆಡ್ಡೆ ತರಕಾರಿಗಳನ್ನು ಲೋಳೆಯಾಗಿಸುವ ಮೆದು ಕೊಳೆರೋಗಕ್ಕೆ ಕಾರಣವಾಗುವ ಗುಂಪು ಅದು. ಅದರ ಕಿಣ್ವ ಮಾಡುವ ಕೆಲಸ ಅದೇ, ಆದರೆ ಇ. ಕೋಲಿಯ ಕಿಣ್ವಕ್ಕೆ ಎದ್ದ ಪ್ರತಿಕಾಯಗಳು ಇದನ್ನು ಗುರುತಿಸುವುದಿಲ್ಲ. ರಕ್ತದಲ್ಲಿ ಅದು ನಿಲ್ಲುವ ಕಾಲ ಮಾತ್ರ ಕಡಿಮೆ: ಇ. ಕೋಲಿಯದ್ದು ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕಾದರೆ ಎರ್ವಿನಿಯಾದ್ದಕ್ಕೆ ಸುಮಾರು 16 ಗಂಟೆ ಸಾಕು, ಆದ್ದರಿಂದ ಪದೇ ಪದೇ ಚುಚ್ಚಬೇಕಾಗುತ್ತದೆ. ಮೂರನೆಯದೊಂದು ರೂಪವೂ ಇದೆ. ಇ. ಕೋಲಿಯ ಕಿಣ್ವಕ್ಕೆ ಪಾಲಿಇಥಿಲೀನ್ ಗ್ಲೈಕಾಲ್‌ನ ಎಳೆಗಳನ್ನು ಹೊದಿಸಿದ ಪೆಗಾಸ್ಪರ್ಗೇಸ್ ಐದೂವರೆ ದಿನಗಳಿಗೂ ಹೆಚ್ಚು ಕಾಲದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಹೊದಿಕೆಯ ಮರೆಯಲ್ಲಿ ದೇಹದ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. 1994ರಲ್ಲಿ ಅದಕ್ಕೆ ಅಮೆರಿಕದಲ್ಲಿ ಮಂಜೂರಾತಿ ದೊರಕಿತು. ಶ್ರೀಮಂತ ದೇಶಗಳಲ್ಲಿ ಈಗ ಇಂಥ ಹೊದಿಕೆಯ ರೂಪವೇ ಮೊದಲ ಆಯ್ಕೆ. ನಮ್ಮಲ್ಲಿ ಬೆಲೆ ನೋಡಿ ಹಳೆಯ ರೂಪದಲ್ಲೇ ಶುರುಮಾಡುವ ಕುಟುಂಬಗಳು ಬಹಳ, ನಮ್ಮದೂ ಅದರಲ್ಲೊಂದಾಗಿತ್ತು.

ನಾನು ಈ ಬರಹಕ್ಕೆ ಕೂತದ್ದು ನಿಜವಾಗಿ ಮುಂದಿನ ಸಂಗತಿಗಾಗಿ. ದದ್ದು ಎದ್ದರೆ, ಕೆಮ್ಮು ಬಂದರೆ, ಔಷಧ ದೇಹಕ್ಕೆ ಒಗ್ಗುತ್ತಿಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ, ಔಷಧ ಬದಲಾಗುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಹೊರಗೆ ಯಾವ ಲಕ್ಷಣವೂ ಕಾಣಿಸದೆ ಪ್ರತಿಕಾಯಗಳು ಕಿಣ್ವವನ್ನು ಸದ್ದಿಲ್ಲದೆ ನಿಷ್ಕ್ರಿಯಗೊಳಿಸುತ್ತವೆ. ಇಂಜೆಕ್ಷನ್ ಆಗುತ್ತದೆ, ಮಗು ನಗುತ್ತಾ ಮನೆಗೆ ಹೋಗುತ್ತದೆ, ನೋಟ್‌ಬುಕ್ಕಿನಲ್ಲಿ ಗುರುತು ಬೀಳುತ್ತದೆ, ರಕ್ತದಲ್ಲಿ ಮಾತ್ರ ಆಸ್ಪರಾಜಿನ್ ಎಂದಿನಂತೆ ಹರಿಯುತ್ತಿರುತ್ತದೆ. ಏನೂ ಆಗಲಿಲ್ಲವೆಂದು ನಾವು ಸಮಾಧಾನಪಡುವ ಆ ಮಗುವೇ ಔಷಧ ಸಿಗದ ಮಗುವಾಗಿರಬಹುದು. ಇದನ್ನು ಕಂಡುಹಿಡಿಯಲು ಇರುವ ದಾರಿ ಒಂದೇ, ಮುಂದಿನ ಇಂಜೆಕ್ಷನ್‌ಗೆ ಮೊದಲು ಸ್ವಲ್ಪ ರಕ್ತ ತೆಗೆದು ಅದರಲ್ಲಿ ಕಿಣ್ವದ ಚಟುವಟಿಕೆ ಎಷ್ಟಿದೆಯೆಂದು ಅಳೆಯುವುದು. ಮಿಲಿಲೀಟರಿಗೆ 0.1 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಸ್ಪರಾಜಿನ್ ಬರಿದಾಗಿದೆಯೆಂದು ತಿಳಿಯಬಹುದು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಗಡಿ.

ಈ ಅಳತೆ ನಮ್ಮ ದೇಶದಲ್ಲಿ ಇನ್ನೂ ಮುಖ್ಯವಾಗುವುದಕ್ಕೆ ಬೇರೊಂದು ಕಾರಣವಿದೆ. ಜೀವಿಗಳಿಂದ ತಯಾರಾಗುವ ಪ್ರೋಟೀನಿನ ನಕಲನ್ನು ಮಾಡುವುದು ಪ್ಯಾರಾಸಿಟಮಾಲ್ ಮಾತ್ರೆಯ ನಕಲು ಮಾಡಿದಂತಲ್ಲ. ಬೆಳೆಸಿದ ಬಗೆ, ಶುದ್ಧೀಕರಿಸಿದ ಬಗೆ, ಒಣಗಿಸಿದ ಬಗೆ, ಸಾಗಿಸುವಾಗಿನ ತಂಪು ಎಲ್ಲವೂ ಅದರ ಗುಣವನ್ನು ಬದಲಿಸುತ್ತವೆ. ಕೊಲ್ಕತ್ತ ಮತ್ತು ಮುಂಬೈಯ ಕ್ಯಾನ್ಸರ್ ಸಂಶೋಧಕರು ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ಮಾರಾಟವಾಗುವ ಜೆನೆರಿಕ್ ಆಸ್ಪರಾಜಿನೇಸ್‌ಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹಲವು ನಿರೀಕ್ಷಿತ ಮಟ್ಟದ ಚಟುವಟಿಕೆ ತೋರುವುದಿಲ್ಲವೆಂದು ವರದಿ ಮಾಡಿದ್ದಾರೆ. ಬ್ರೆಜಿಲ್‌ನಲ್ಲಿ 2017ರಲ್ಲಿ ಸರ್ಕಾರವು ಅಗ್ಗದ ಬೆಲೆಗೆ ಆಮದು ಮಾಡಿಕೊಂಡ ಔಷಧವನ್ನು ಕಂಪಿನಾಸ್ ನಗರದ ಮಕ್ಕಳ ಕ್ಯಾನ್ಸರ್ ಆಸ್ಪತ್ರೆಯೊಂದು ಪ್ರಯೋಗಾಲಯಕ್ಕೆ ಕಳಿಸಿ ನೋಡಿದಾಗ ಬೇರೆ ಪ್ರೋಟೀನುಗಳ ಕಲಬೆರಕೆ ಕಂಡುಬಂದು ದೊಡ್ಡ ವಿವಾದವೇ ಆಯಿತು. ಬೆಲೆ ತಗ್ಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ, ಬೆಲೆಯ ಬಿಸಿ ನಮ್ಮ ಮನೆಗೂ ತಟ್ಟಿದೆ. ಆದರೆ ಸೀಸೆಯ ಮೇಲೆ ಬರೆದ ಯೂನಿಟ್ಟುಗಳು ಮಗುವಿನ ರಕ್ತದಲ್ಲಿ ಇವೆಯೇ ಎಂದು ನೋಡುವ ಪರೀಕ್ಷೆ ಸಕ್ಕರೆ ಪರೀಕ್ಷೆಯಷ್ಟೇ ಮಾಮೂಲಾಗಬೇಕು, ಅದರ ಖರ್ಚು ಹೆತ್ತವರ ಮೇಲೆ ಬೀಳದೆ ವಿಮೆಯ ಯೋಜನೆಗಳೊಳಗೆ ಸೇರಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಈ ಚಿಕಿತ್ಸೆಯಲ್ಲಿರುವ ಮಗುವಿನ ತಂದೆತಾಯಿ ಇದನ್ನು ಓದುತ್ತಿದ್ದರೆ, ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರನ್ನು “ಕಿಣ್ವದ ಮಟ್ಟ ಅಳೆಯಲು ಇಲ್ಲಿ ಅನುಕೂಲವಿದೆಯೇ?” ಎಂದು ಸಂಕೋಚವಿಲ್ಲದೆ ಕೇಳಿ.

ಅಡ್ಡಪರಿಣಾಮಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕು, ಏಕೆಂದರೆ ಕೂದಲು ಉದುರದ ಔಷಧವೆಂದು ಇದನ್ನು ಹಗುರವಾಗಿ ಎಣಿಸುವವರನ್ನು ಕಂಡಿದ್ದೇನೆ. ಆಸ್ಪರಾಜಿನ್ ಇಲ್ಲದಾಗ ಯಕೃತ್ತು ತಯಾರಿಸುವ ಪ್ರೋಟೀನುಗಳೂ ತಗ್ಗುತ್ತವೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಮತ್ತು ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಎರಡೂ ಒಟ್ಟಿಗೆ ಇಳಿಯುವುದರಿಂದ ರಕ್ತಸ್ರಾವವೂ ಆಗಬಹುದು, ಮಿದುಳಿನ ರಕ್ತನಾಳದಲ್ಲಿ ಹೆಪ್ಪೂ ಕಟ್ಟಬಹುದು. ಹಾಗಾಗಿ ಬಿಡದ ತಲೆನೋವನ್ನು ಬಿಸಿಲಿನದ್ದೆಂದು ಮನೆಯಲ್ಲೇ ತಳ್ಳಿಹಾಕಬಾರದು. ಮೇದೋಜ್ಜೀರಕ ಗ್ರಂಥಿ ಊದಿಕೊಂಡು ಬೆನ್ನಿಗೆ ಹೊಡೆಯುವಂಥ ಹೊಟ್ಟೆನೋವು, ವಾಂತಿ ಬರಬಹುದು. ಆ ಊತ ತೀವ್ರವಾಗಿ ಬಂದವರಿಗೆ ಸಾಮಾನ್ಯವಾಗಿ ಈ ಔಷಧವನ್ನು ಮತ್ತೆ ಕೊಡುವುದಿಲ್ಲ. ಸೀಳಿದ ಆಸ್ಪರಾಜಿನ್‌ನಿಂದ ಬಂದ ಅಮೋನಿಯಾ ಹೆಚ್ಚಿ ಮಗು ಮಂಕಾಗುವುದೂ ಉಂಟು. ಅಮೋನಿಯಾ ಪರೀಕ್ಷೆಗೆ ತೆಗೆದ ರಕ್ತದ ನಳಿಕೆಯನ್ನು ಐಸಿನಲ್ಲಿ ಹುದುಗಿಸಿ ಓಡಿಕೊಂಡೇ ಒಯ್ಯುತ್ತಾರೆ, ಯಾಕೆಂದರೆ ಕಿಣ್ವವು ನಳಿಕೆಯೊಳಗೂ ತನ್ನ ಕೆಲಸ ನಿಲ್ಲಿಸಿರುವುದಿಲ್ಲ. ಹಾಗೆ ಒಯ್ಯುತ್ತಿದ್ದ ವಾರ್ಡ್ ಬಾಯ್ ಒಬ್ಬರ ಹಿಂದೆ ನಾನು ಮೆಟ್ಟಿಲು ಇಳಿದ ದಿನ, ತರಗತಿಯ ಕರಿಹಲಗೆಯ ಮೇಲೆ ವರ್ಷಗಟ್ಟಲೆ ಬರೆದ ಸಮೀಕರಣ ಆ ಸ್ಟೀಲ್ ಲೋಟದ ಐಸಿನೊಳಗೆ ನಡೆಯುತ್ತಿದೆ ಎಂದುಕೊಂಡು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಎರ್ವಿನಿಯಾದ ಔಷಧ ತರಿಸಲು ಒಂಬತ್ತು ದಿನ ಹಿಡಿಯಿತು. ದಿನ ಬಿಟ್ಟು ದಿನ ಆ ಸೀಸೆ ಬಂತು, ಅಂಗೈಗಳ ನಡುವೆ ಹೊರಳಿತು, ಎಡ ತೊಡೆ, ಬಲ ತೊಡೆ, ಮತ್ತೆ ಎಡ ತೊಡೆ. ಎರಡನೆಯ ಇಂಜೆಕ್ಷನ್ ಆದ ಮೇಲೆ ಕಿಣ್ವದ ಮಟ್ಟಕ್ಕೆಂದು ಕಳಿಸಿದ ರಕ್ತದ ವರದಿ ಬಂದಾಗ ಅಕ್ಕ ಅದನ್ನು ನನ್ನ ಕೈಗೆ ಕೊಟ್ಟು, “ಓದು, ನನಗೆ ಧೈರ್ಯವಿಲ್ಲ” ಎಂದಳು. ಅಂಕಿ ಗಡಿಯ ಮೇಲಿತ್ತು. ಅವಳು ಅದನ್ನು ನೋಟ್‌ಬುಕ್ಕಿನ ಆ ದಿನದ ಗೆರೆಯಲ್ಲಿ ಬರೆದು, ಸುತ್ತಲೂ ಒಂದು ಚೌಕ ಹಾಕಿದಳು. ಕೊನೆಯ ತೊಡೆ ಇಂಜೆಕ್ಷನ್ ಆದದ್ದು ಒಂದು ಶುಕ್ರವಾರ; ಅಂದಿನ ಸಾಲಿನ ಮುಂದೆ ಹಾಕಿದ ಗುರುತು ಉಳಿದವಕ್ಕಿಂತ ತುಸು ದೊಡ್ಡದಾಗಿದೆ, ಮುಂದಿನ ಪುಟದಿಂದ ರಾತ್ರಿ ನುಂಗುವ ಮಾತ್ರೆಗಳ ಲೆಕ್ಕ ಶುರುವಾಗುತ್ತದೆ.